ಅಪ್ಪನಿಗೆ ಹೊಸ ಜೀಪು, ನನಗೆ ಮಾತ್ರ ಬುದ್ಧಿಮಾತು

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆ ಏಳು ಎಕರೆ ರೊಬಸ್ಟಾ ಕಾಫಿ ತೋಟ, ನಡುವೆ ಒಂದಷ್ಟು ಮೆಣಸಿನ ಬಳ್ಳಿ. ಮಗಳಿಗೆ ಹದಿನಾರು ವರ್ಷ. ಮಡಿಕೇರಿಯಲ್ಲಿ ಮೊದಲ ಪಿಯುಸಿ. ಕಾಲೇಜಿಗೆ ಸೇರಿದಾಗಿನಿಂದ ಅವಳ ಬಾಯಲ್ಲಿ ಬಟ್ಟೆಯದೇ ಮಾತು. ಶನಿವಾರ ಕಲರ್ ಡ್ರೆಸ್ ಹಾಕಲು ಬಿಡುತ್ತಾರೆ, ಹೋದ ತಿಂಗಳು ಹಾಕಿದ್ದನ್ನೇ ಈ ತಿಂಗಳು ಹಾಕಿದರೆ ಮಾನ ಹೋಗುತ್ತದಂತೆ. ದಸರಾಕ್ಕೆ ಕೊಡಿಸಿದ್ದನ್ನು ಹುತ್ತರಿಗೆ ಮುಟ್ಟಲಿಲ್ಲ. ನಮಗೆ ವರ್ಷಕ್ಕೆ ಎರಡೇ ಜೊತೆ ಬಟ್ಟೆ ಇತ್ತು ಎಂದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾಳೆ. 2018ರ ಮಳೆಯಲ್ಲಿ ಮನೆ ಕಳೆದುಕೊಂಡವರನ್ನು ನೆನಪಿಸಿದೆ, ತೋಟದ ಆಳುಗಳ ಲೈನ್ ಮನೆಯ ಮಕ್ಕಳನ್ನು ತೋರಿಸಿದೆ. ಕೊನೆಗೆ ದುಡ್ಡಿಲ್ಲ ಎಂದೆ. ಅದಕ್ಕವಳು, "ಕಾಫಿಗೆ ರೇಟು ಎಷ್ಟಿದೆ ಎಂದು ನನಗೂ ಗೊತ್ತು. ಅಪ್ಪನಿಗೆ ಹೊಸ ಜೀಪು, ನನಗೆ ಮಾತ್ರ ಬುದ್ಧಿಮಾತು" ಎಂದುಬಿಟ್ಟಳು. ಅವಳ ಅಪ್ಪ ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ನಮ್ಮ ಅತ್ತೆಯವರು ಗುಟ್ಟಾಗಿ ಅವಳ ಕೈಗೆ ದುಡ್ಡು ಕೊಡುವುದು ಬೇರೆ. ಏಪ್ರಿಲ್ ಕೊನೆಗೆ ಮೈದುನನ ಮಗಳ ಮದುವೆ ಇದೆ, ಐದು ಸಾವಿರದ ಲೆಹೆಂಗಾ ಒಂದನ್ನು ಮೊಬೈಲಿನಲ್ಲಿ ದಿನಾ ತೋರಿಸುತ್ತಿದ್ದಾಳೆ. ಇಷ್ಟು ಮಾಡಿದರೂ ಕೃತಜ್ಞತೆ ಇಲ್ಲದ ಈ ಹುಡುಗಿಗೆ ದುಡ್ಡಿನ ಬೆಲೆ ಕಲಿಸುವುದು ಹೇಗೆ? ಲೆಹೆಂಗಾ ಕೊಡಿಸಬೇಕೆ, ಬೇಡವೆ?
– ಒಬ್ಬ ತಾಯಿ

ಉತ್ತರ: ಜೀಪಿನ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಹುರುಳಿರುವ ಮಾತಾಗಿ ಕಂಡದ್ದು ಅದೇ. ಆಡಿದ ಧಾಟಿ ಒರಟು, ಒಪ್ಪುತ್ತೇನೆ. ಅದರ ವಿಷಯ ಆಮೇಲೆ. ಆದರೆ ಅವಳು ಕೇಳಿದ್ದರಲ್ಲಿ ಒಂದು ನ್ಯಾಯವಾದ ಪ್ರಶ್ನೆ ಇದೆ: ಮನೆಯಲ್ಲಿ ದುಡ್ಡಿದೆಯೋ ಇಲ್ಲವೋ? ಇದ್ದರೆ ಅದು ಯಾರ ಆಸೆಗೆ ಖರ್ಚಾಗುತ್ತದೆ, ಯಾರು ತೀರ್ಮಾನಿಸುತ್ತಾರೆ? ಹದಿನಾರು ವರ್ಷದ ಹುಡುಗಿಗೆ ಈ ಪ್ರಶ್ನೆ ಹೊಳೆಯದಿದ್ದರೆ ನಾನು ಹೆಚ್ಚು ಚಿಂತೆ ಮಾಡುತ್ತಿದ್ದೆ.

ಕೊಡಗಿನ ಮಕ್ಕಳಿಂದ ಕಾಫಿಯ ರೇಟನ್ನು ಮುಚ್ಚಿಡುವುದು ಆಗದ ಕೆಲಸ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆ ಇದು. ಬೆಳಿಗ್ಗೆ ಎದ್ದರೆ ವಾಟ್ಸ್ಆ್ಯಪ್‌ನಲ್ಲಿ ದರ, ಬಸ್ಸಿನಲ್ಲಿ ಅದೇ ಮಾತು, ಮದುವೆ ಮನೆಯ ಊಟದ ಸಾಲಿನಲ್ಲೂ ಅದೇ. ವಿಯೆಟ್ನಾಮಿನಲ್ಲಿ ಬರ ಬಿದ್ದು, 2024ರಲ್ಲಿ ಐವತ್ತು ಕಿಲೋ ರೊಬಸ್ಟಾ ಚೆರಿಯ (ಸಿಪ್ಪೆಸಮೇತ ಒಣಗಿಸಿದ ಕಾಫಿಯ) ಬೆಲೆ ಹತ್ತು ಸಾವಿರ ರೂಪಾಯಿ ದಾಟಿದಾಗ ದೊಡ್ಡವರೆಲ್ಲ ಎಷ್ಟು ಜೋರಾಗಿ ಖುಷಿಪಟ್ಟರು ಎಂಬುದನ್ನು ನೆನಪಿಸಿಕೊಳ್ಳಿ. ಅದಕ್ಕೆ ಕೆಲವೇ ವರ್ಷ ಹಿಂದೆ ಅದರ ಅರ್ಧಕ್ಕೂ ಗತಿ ಇರಲಿಲ್ಲ. ಆ ಖುಷಿ ನಿಮ್ಮ ಮನೆಯ ಊಟದ ಮೇಜಿನ ಬಳಿಯೂ ಆಡಿ ಹೋಗಿರಬೇಕು, ಮಗಳು ಅಲ್ಲೇ ಕುಳಿತು ಕೇಳಿಸಿಕೊಂಡಿರಬೇಕು. ಅವಳು ಒಂದು ಕುರ್ತಿ ಕೇಳಿದ ದಿನ ಅದೇ ಮನೆಯಲ್ಲಿ "ದುಡ್ಡಿಲ್ಲ" ಎಂಬ ಉತ್ತರ ಬಂದರೆ ಅವಳು ಅದನ್ನು ಸುಳ್ಳು ಎಂದೇ ತಿಳಿಯುತ್ತಾಳೆ. ಹಣದ ವಿಷಯದಲ್ಲಿ ಅಪ್ಪ ಅಮ್ಮ ನಿಜ ಹೇಳುವುದಿಲ್ಲ ಎಂಬುದು ಅವಳು ಕಲಿಯುವ ಮೊದಲ ಪಾಠ. ಪಟ್ಟು ಹಿಡಿದರೆ ಇಲ್ಲದ ದುಡ್ಡು ಎಲ್ಲಿಂದಲೋ ಹುಟ್ಟುತ್ತದೆ ಎಂಬುದು ಎರಡನೆಯದು. "ದುಡ್ಡೇನು ಮರದಲ್ಲಿ ಬಿಡುತ್ತದೆಯೇ" ಎಂಬ ಮಾತನ್ನಂತೂ ನಮ್ಮ ಜಿಲ್ಲೆಯಲ್ಲಿ ಯಾರೂ ಆಡಬಾರದು. ಮಕ್ಕಳು ಕಿಟಕಿಯಾಚೆ ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿಯತ್ತ ಕೈ ತೋರಿಸುತ್ತಾರೆ, ನಮ್ಮ ಬಾಯಿ ಕಟ್ಟುತ್ತದೆ.

ಹೇಳಬೇಕಾದ ಮಾತು ಇದು: "ದುಡ್ಡಿದೆ. ಆದರೆ ಬಟ್ಟೆಗೆ ಇಷ್ಟೇ ಎಂದು ನಾವು ತೀರ್ಮಾನಿಸಿದ್ದೇವೆ." ಇದನ್ನು ಹೇಳುವುದು ಕಷ್ಟ ಎಂದು ಗೊತ್ತು. ದುಡ್ಡಿಲ್ಲ ಎಂದರೆ ತಪ್ಪೆಲ್ಲ ದುಡ್ಡಿನದು. ತೀರ್ಮಾನಿಸಿದ್ದೇವೆ ಎಂದರೆ ಮಗಳ ಸಿಟ್ಟು ನೇರವಾಗಿ ನಮ್ಮ ಮೇಲೆ. ಆ ಸಿಟ್ಟನ್ನು ಹೊರಲು ಒಪ್ಪದ ಅಪ್ಪ ಅಮ್ಮ ಜೀವನಪೂರ್ತಿ ನೆಪ ಹುಡುಕುತ್ತಲೇ ಇರಬೇಕಾಗುತ್ತದೆ.

ಇನ್ನು ಆ ತೀರ್ಮಾನದ ಹಿಂದಿನ ಲೆಕ್ಕವನ್ನು ಅವಳಿಗೆ ತೋರಿಸಿ. ಈಗ ನಿಮ್ಮ ಕಣದಲ್ಲಿ ಕಾಫಿ ಒಣಗುತ್ತಿರಬೇಕು. ಮಾರಾಟವಾದ ಮೇಲೆ ಒಂದು ಸಂಜೆ ವ್ಯಾಪಾರಿಯ ಚೀಟಿ, ಆಳುಗಳ ಚೆಕ್‌ರೋಲ್ ಪುಸ್ತಕ, ಗೊಬ್ಬರದ ಅಂಗಡಿಯ ರಸೀದಿ, ಸಹಕಾರ ಸಂಘದ ಬೆಳೆ ಸಾಲದ ಪಾಸ್‌ಬುಕ್ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಅವಳನ್ನು ಕರೆಯಿರಿ. ಭಾಷಣ ಬೇಡ. ಕ್ಯಾಲ್ಕ್ಯುಲೇಟರನ್ನು ಅವಳ ಕೈಗೇ ಕೊಡಿ. ಮೇಲೆ ಬರೆದ ದೊಡ್ಡ ಮೊತ್ತದಿಂದ ಕುಯ್ಲಿನ ಕೂಲಿ ಕಳೆಯಲಿ, ಗಿಡಗಳ ಕಪಾತಿನದು ಕಳೆಯಲಿ, ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯದು ಕಳೆಯಲಿ, ಸ್ಪ್ರಿಂಕ್ಲರಿಗೆ ಸುರಿದ ಡೀಸೆಲ್ಲಿನದು ಕಳೆಯಲಿ, ಸಾಲದ ಕಂತು ಕಳೆಯಲಿ. ಉಳಿದದ್ದನ್ನು ಹನ್ನೆರಡರಿಂದ ಭಾಗಿಸಲಿ. ಸಂಬಳದ ಮನೆಗೆ ತಿಂಗಳು ತಿಂಗಳು ದುಡ್ಡು ಬರುತ್ತದೆ, ತೋಟದ ಮನೆಗೆ ಬರುವುದು ವರ್ಷಕ್ಕೊಮ್ಮೆ. ಮಾರ್ಚ್‌ನಲ್ಲಿ ಕೈಯಲ್ಲಿ ಕಂಡದ್ದು ಮುಂದಿನ ಫೆಬ್ರವರಿಯವರೆಗೆ ಎಳೆಯಬೇಕು. ನಡುವೆ ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟರೆ ಮುಂದಿನ ವರ್ಷದ್ದೂ ಇದರಲ್ಲೇ ಆಗಬೇಕು. ಇದು ನಿಮಗೆ ಕರತಲಾಮಲಕ. ಆದರೆ ಯಾರೂ ಅವಳಿಗೆ ಕುಳಿತು ಹೇಳಿಲ್ಲ. ಅವಳು ಕಂಡಿರುವುದು ಮೂಟೆಗಳನ್ನು ಮತ್ತು ಜೀಪನ್ನು ಮಾತ್ರ.

ಲೆಕ್ಕ ತೋರಿಸಿದರೆ ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಬಿಡುತ್ತಾಳೆ ಎಂದು ಕೆಲವು ತಂದೆಯರು ಹೆದರುತ್ತಾರೆ. ಹೇಳುವುದಿಲ್ಲ. ನಂಬಿ ತೋರಿಸಿದ್ದನ್ನು ಈ ವಯಸ್ಸಿನವರು ನಮಗಿಂತ ಚೆನ್ನಾಗಿ ಕಾಪಾಡುತ್ತಾರೆ. ನಾವು ಗುಟ್ಟು ಮಾಡಿದ್ದನ್ನೇ ಅವರು ಹೊರಗೆ ಹಾಕುವುದು.

ಈಗ ಕೃತಜ್ಞತೆಯ ವಿಷಯ. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಬರೆಯಬೇಕಾಗಿದೆ. ಪತ್ರವನ್ನು ಮತ್ತೊಮ್ಮೆ ಓದಿಕೊಳ್ಳಿ. ಮಗಳಿಂದ ನೀವು ಬಯಸುತ್ತಿರುವುದು ಏನು? ಕೊಟ್ಟದ್ದನ್ನು ನೆನೆದು ಅವಳು ಮತ್ತೆ ಕೇಳದಿರಲಿ ಎಂದು. ಅದನ್ನು ಹಂಗು ಎನ್ನಬಹುದು, ಕೃತಜ್ಞತೆ ಎನ್ನಲಾಗದು. ಇವೆರಡನ್ನೂ ಬೇರ್ಪಡಿಸಿ ನೋಡಿದ ಅಧ್ಯಯನಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ವಾಟ್ಕಿನ್ಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಒಂದು ಸನ್ನಿವೇಶ ಕೊಟ್ಟರು: ಯಾರೋ ನಿಮಗೆ ಉಪಕಾರ ಮಾಡಿದ್ದಾರೆ, ಆಗ ನಿಮಗೆ ಏನನ್ನಿಸುತ್ತದೆ? ಉಪಕಾರ ಮಾಡಿದವರು ಪ್ರತಿಯಾಗಿ ಎಷ್ಟು ಬಯಸುತ್ತಿದ್ದಾರೆ ಎಂಬುದನ್ನಷ್ಟೇ ಬದಲಿಸುತ್ತಾ ಹೋದರು. ನಿರೀಕ್ಷೆ ಹೆಚ್ಚಿದಂತೆಲ್ಲ ಹಂಗಿನ ಭಾವ ಏರಿತು, ಕೃತಜ್ಞತೆ ಇಳಿಯಿತು. ಪ್ರತಿ ಚೂಡಿದಾರದ ಜೊತೆಗೂ "ನಾವು ಎಷ್ಟು ಕಷ್ಟಪಟ್ಟು" ಎಂಬ ಮಾತನ್ನು ಕಟ್ಟಿ ಕೊಟ್ಟರೆ ನಿಮ್ಮ ಮನೆಯಲ್ಲೂ ಆಗುವುದು ಇದೇ. ಕೊಡುವುದಾದರೆ ಸುಮ್ಮನೆ ಕೊಡಿ, ಕೊಡುವುದಿಲ್ಲ ಎಂದಾದರೆ ಇಲ್ಲ ಎನ್ನಿ. ಗೊಣಗುತ್ತಾ ಕೊಟ್ಟರೆ ದುಡ್ಡೂ ಹೋಗುತ್ತದೆ, ಉಪಕಾರವೂ ಉಳಿಯುವುದಿಲ್ಲ.

ದಿನಾ ರಾತ್ರಿ ಮಕ್ಕಳಿಂದ ಕೃತಜ್ಞತೆಯ ಡೈರಿ ಬರೆಸಿ ಎಂದು ಸಲಹೆ ಕೊಡುವವರೂ ಇದ್ದಾರೆ. ತಾವಾಗಿಯೇ ಬರೆಯುವವರಿಗೆ ಅದರಿಂದ ಒಳ್ಳೆಯದಾಗಬಹುದು. ಅಮ್ಮ ಹೇಳಿ ಬರೆಸಿದರೆ ಮೂರನೇ ದಿನಕ್ಕೆ ಅದು ಹೋಮ್‌ವರ್ಕ್.

2018ರ ಮಾತು ಎತ್ತಿದಿರಲ್ಲ, ಅದನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಆ ಆಗಸ್ಟ್‌ನಲ್ಲಿ ನಿಮ್ಮ ಮಗಳಿಗೆ ಎಂಟು ವರ್ಷ ಇದ್ದಿರಬೇಕು. ಗುಡ್ಡ ಜಾರುವ ಸುದ್ದಿ, ಪರಿಹಾರ ಕೇಂದ್ರಗಳು, ರಾತ್ರಿಯೆಲ್ಲ ನಿದ್ದೆಗೆಟ್ಟ ದೊಡ್ಡವರು, ಇದನ್ನೆಲ್ಲ ಅವಳು ಮಗುವಿನ ಕಣ್ಣಿನಿಂದ ಕಂಡಿದ್ದಾಳೆ. ಇಂದಿಗೂ ಜುಲೈನಲ್ಲಿ ಮಳೆ ಒಂದೇ ಸಮ ಹಿಡಿದರೆ ಮಂಕಾಗುವ ಮಕ್ಕಳು ಈ ಜಿಲ್ಲೆಯಲ್ಲಿ ಇದ್ದಾರೆ. ಆ ಭಯವನ್ನು ಒಂದು ಟಾಪ್ ಬೇಡ ಎನ್ನುವುದಕ್ಕೆ ಬಳಸಿದರೆ ಅವಳ ಎದೆಯಲ್ಲಿ ಏಳುವುದು ತಪ್ಪಿತಸ್ಥ ಭಾವ, ಅದರ ಬೆನ್ನಿಗೇ ಸಿಟ್ಟು. ಮನೆ ಕಳೆದುಕೊಂಡವರಿಗೂ ಇದರಿಂದ ಏನೂ ಸಿಗುವುದಿಲ್ಲ.

ಲೈನ್ ಮನೆಯ ಮಕ್ಕಳ ವಿಷಯದಲ್ಲಿ ನನಗೆ ಇನ್ನೂ ಬೇಸರವಿದೆ. ಅವರು ನಿಮ್ಮ ಮಗಳಿಗೆ ನೀತಿಪಾಠ ಹೇಳಲು ಇರುವವರಲ್ಲ. ಅವರಿಗೂ ಶನಿವಾರ ಇದೆ, ಅವರಿಗೂ ಕಲರ್ ಡ್ರೆಸ್ ಬೇಕು. ನಿಮ್ಮ ಮಗಳಷ್ಟೇ ಬೇಕು. ಅವರ ಅಪ್ಪ ಅಮ್ಮ ಬಟವಾಡೆಯ ದಿನ ಅದೇ ವಾದವನ್ನು ಇನ್ನೂ ಚಿಕ್ಕ ಮೊತ್ತಕ್ಕೆ ಮಾಡುತ್ತಿರುತ್ತಾರೆ. "ಅವರನ್ನು ನೋಡು, ಇದ್ದದ್ದರಲ್ಲಿ ಸಂತೋಷವಾಗಿದ್ದಾರೆ" ಎಂಬುದು ಬಂಗಲೆಯ ಜಗಲಿಯಿಂದ ಕಾಣುವ ನೋಟ. ಮಗಳು ಹಳೆಯ ಬಟ್ಟೆಯನ್ನು ಯಾರಿಗಾದರೂ ಕೊಡುವುದಾದರೆ ಕೊಡಲಿ, ಒಳ್ಳೆಯದೇ. ಆದರೆ ಅವಳೇ ಒಗೆದು, ಬಿಚ್ಚಿದ ಹೊಲಿಗೆ ಹಾಕಿ, ಹೋದ ಗುಂಡಿ ಕಟ್ಟಿ, ಇಸ್ತ್ರಿ ಮಾಡಿ ಕೊಡಬೇಕು. ಗುಂಡಿ ಕಟ್ಟಲು ಬೇಸರವಾಗುವ ಅಂಗಿಯನ್ನು ಇನ್ನೊಬ್ಬರು ಹಾಕಿಕೊಳ್ಳಲಿ ಎಂದು ಬಯಸುವುದು ದಾನವಾಗುವುದಿಲ್ಲ. ತನ್ನ ಕಾಲೇಜಿಗೇ ಬರುವ ಹುಡುಗಿಗೆ ಮಾತ್ರ ಕೊಡದಿರಲಿ. ಮುಂದಿನ ಶನಿವಾರ ಅದನ್ನು ತೊಟ್ಟು ಬಂದವಳ ಮುಖ ನೋಡುವುದು ಇಬ್ಬರಿಗೂ ಕಷ್ಟ.

ನಿಮ್ಮ ಬಾಲ್ಯದ ಎರಡು ಜೊತೆ ಬಟ್ಟೆಯ ಕಥೆ ಹೇಳಲೇಬಾರದೆಂದಿಲ್ಲ. ವಾದದ ಮಧ್ಯೆ ಹೇಳಬೇಡಿ, ಅಷ್ಟೆ. ಬೇರೊಂದು ದಿನ, ಮೆಣಸು ಬಿಡಿಸುವಾಗಲೋ ಬಟ್ಟೆ ಮಡಚುವಾಗಲೋ, ಪೂರ್ತಿ ಹೇಳಿ. ಯಾಕೆ ಎರಡೇ ಜೊತೆ ಇತ್ತು ಎಂಬುದೇ ಸೊಗಸಾದ ಕಥೆ. ಆಗ ಬೆಳೆಗಾರರು ಕಾಫಿಯನ್ನು ತಮಗಿಷ್ಟ ಬಂದವರಿಗೆ ಮಾರುವಂತಿರಲಿಲ್ಲ. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. 1992ರ ನಂತರ ಆ ಕಟ್ಟು ಹಂತಹಂತವಾಗಿ ಸಡಿಲಿಸಿ 1996ರ ಹೊತ್ತಿಗೆ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ಬಟ್ಟೆ ಎಂದರೆ ಪೇಟೆಯ ಜವಳಿ ಅಂಗಡಿಯಲ್ಲಿ ಲೆಕ್ಕಕ್ಕೆ ಬರೆಸಿ ತರುವುದು, ಬೋರ್ಡಿನ ಕಂತು ಬಂದಾಗ ತೀರಿಸುವುದು. ಆಗಿನ ಮಡಿಕೇರಿಯ ಮಹದೇವಪೇಟೆ, ಒಂದೇ ಥಾನಿನಿಂದ ಅಕ್ಕ ತಂಗಿಯರಿಗೆಲ್ಲ ಹೊಲಿಸಿದ ಲಂಗ, ಅದನ್ನು ಕಂಡು ನಿಮಗಾದ ನಾಚಿಕೆ, ಎಲ್ಲವನ್ನೂ ಹೇಳಿ. ನಾಚಿಕೆಯನ್ನು ಬಿಡದೆ ಹೇಳಿ. ಎರಡೇ ಜೊತೆಯಲ್ಲಿ ನೀವೆಲ್ಲ ಪರಮ ಸಂತೋಷದಿಂದ ಇದ್ದಿರಿ ಎಂದರೆ ಅವಳು ನಂಬುವುದಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬುವುದಿಲ್ಲ.

ಬಟ್ಟೆಯೇ ಯಾಕೆ ಎಂದು ನೀವು ಕೇಳಿಲ್ಲ, ಆದರೆ ಉತ್ತರ ತಿಳಿದಿರುವುದು ಒಳ್ಳೆಯದು. ಹದಿಹರೆಯದವರ ಮನಸ್ಸಿನಲ್ಲಿ ಸದಾ ಒಂದು ಪ್ರೇಕ್ಷಕ ವರ್ಗ ಕುಳಿತಿರುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲೇ ಬರೆದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ನನ್ನ ಮೊಡವೆಯನ್ನು, ನನ್ನ ಚಪ್ಪಲಿಯನ್ನು, ಹೋದ ತಿಂಗಳೂ ಹಾಕಿದ್ದ ಈ ಕುರ್ತಿಯನ್ನು. ಈ ಭಾವನೆ ಎಷ್ಟು ನಿಜ ಎಂದು ನೋಡಲು ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಹಾಕಿಕೊಂಡರೆ ಮುಜುಗರವಾಗುವಂಥ, ಫ್ಯಾಷನ್ ಕಳೆದುಕೊಂಡ ಗಾಯಕನೊಬ್ಬನ ಮುಖವಿದ್ದ ಟೀ ಶರ್ಟ್ ತೊಡಿಸಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಇತರರು ಕುಳಿತಿದ್ದ ಕೋಣೆಯೊಳಗೆ ಕಳುಹಿಸಿದರು. ಅಂಗಿಯ ಮೇಲೆ ಯಾರಿದ್ದರು ಎಂದು ಎಷ್ಟು ಜನ ಗುರುತಿಸಿರಬಹುದು ಎಂದು ಆಮೇಲೆ ಕೇಳಿದರೆ, ಹೆಚ್ಚುಕಡಿಮೆ ಅರ್ಧದಷ್ಟು ಜನ ಎಂದು ತೊಟ್ಟವರು ಊಹಿಸಿದರು. ನಿಜವಾಗಿ ಗುರುತಿಸಿದವರು ಸುಮಾರು ಕಾಲು ಭಾಗ. ಇದನ್ನು ಮಗಳಿಗೆ ಹೇಳಿ, ತಮಾಷೆಯಾಗಿದೆ, ಇಷ್ಟಪಡುತ್ತಾಳೆ. ಆದರೆ "ನೋಡಿದೆಯಾ, ನಿನ್ನನ್ನು ಯಾರೂ ನೋಡುವುದಿಲ್ಲ" ಎಂದು ಮುಗಿಸಬೇಡಿ. ಅರವತ್ತು ಮಂದಿಯ ತರಗತಿಯಲ್ಲಿ ಕಾಲು ಭಾಗ ಎಂದರೆ ಹದಿನೈದು ಜನ. ಹದಿನಾರನೇ ವಯಸ್ಸಿನಲ್ಲಿ ಅದು ಸಣ್ಣ ಸಂಖ್ಯೆಯಲ್ಲ. ಅಲ್ಲದೆ ಹೈಸ್ಕೂಲಿನವರೆಗೆ ವಾರವಿಡೀ ಯೂನಿಫಾರ್ಮಿನಲ್ಲಿದ್ದು, ಊರಿನ ಪರಿಚಿತ ಮುಖಗಳನ್ನು ಬಿಟ್ಟು ಮಡಿಕೇರಿಯ ಕಾಲೇಜಿಗೆ ಬಂದವಳು ಅವಳು. ತಾನು ಯಾರು ಎಂದು ಹೊಸಬರಿಗೆ ತಿಳಿಸಲು ಸದ್ಯಕ್ಕೆ ಅವಳ ಬಳಿ ಇರುವುದು ಶನಿವಾರದ ಬಟ್ಟೆ ಮಾತ್ರ. ಎರಡನೇ ಪಿಯುಸಿ ಹೊತ್ತಿಗೆ ಈ ಕಾವು ತಾನಾಗಿಯೇ ಇಳಿಯುವುದು ಹೆಚ್ಚು.

ಹಳೆಯದೆಂದರೆ ಈ ಮಕ್ಕಳಿಗೆ ಆಗದು ಎಂದೂ ತಿಳಿಯಬೇಡಿ. ಕೊಡವ ಮನೆಗಳಲ್ಲಿ ನೋಡಿ, ಅಜ್ಜ ತೊಟ್ಟ ಕುಪ್ಯವನ್ನು (ಸಾಂಪ್ರದಾಯಿಕ ನಿಲುವಂಗಿ) ಮೊಮ್ಮಗ ಹೆಮ್ಮೆಯಿಂದ ತೊಡುತ್ತಾನೆ, ಸೊಂಟಕ್ಕೆ ಕಟ್ಟುವ ಚೇಲೆಯ ಬಣ್ಣ ಮಾಸಿದ್ದರೂ ಅದೇ ಬೇಕು ಎನ್ನುತ್ತಾನೆ. ಹೋದ ವರ್ಷದ ಕುರ್ತಿಗೆ ಮೂಗು ಮುರಿಯುವ ಹುಡುಗಿ ಅಜ್ಜಿಯ ಜೋಮಾಲೆಗಾಗಿ (ಕೊಡವರ ಚಿನ್ನದ ಸರ) ಅಕ್ಕನೊಂದಿಗೆ ಜಗಳವಾಡುತ್ತಾಳೆ. ಈ ಹುಡುಗಿಯರಿಗೆ ಬೇಕಾಗಿರುವುದು ನಾಲ್ಕು ಜನ ತಿರುಗಿ ನೋಡಿ ಮಾತನಾಡಿಸುವಂಥದ್ದು. ಅದು ಹೊಸದಾಗಿರಲೇಬೇಕೆಂಬ ಹಟ ಅವರಿಗಿಲ್ಲ. ಲೆಹೆಂಗಾದ ವಿಷಯಕ್ಕೆ ಬಂದಾಗ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ.

ಈಗ ಮಾಡಬೇಕಾದ ಕೆಲಸ. ಬಟ್ಟೆಯ ಖರ್ಚನ್ನು ಎರಡು ಭಾಗ ಮಾಡಿ. ಯೂನಿಫಾರ್ಮ್, ಒಳಉಡುಪು, ಸ್ವೆಟರ್, ಕೊಡೆ, ರೈನ್‌ಕೋಟ್, ಮಳೆಗಾಲದ ಚಪ್ಪಲಿ, ಇವೆಲ್ಲ ನಿಮ್ಮವು. ಇವುಗಳಿಗೆ ಅವಳು ಬೇಡಬೇಕಾಗಿ ಬರಬಾರದು, ಧನ್ಯವಾದವನ್ನೂ ಕಾಯಬೇಡಿ. ಉಳಿದದ್ದೆಲ್ಲ ಅವಳದು, ಅದಕ್ಕೊಂದು ಮೊತ್ತ ನಿಗದಿ ಮಾಡಿ. ಎಷ್ಟು ಎಂಬುದನ್ನು ಆ ಲೆಕ್ಕದ ಸಂಜೆಯೇ ಮೂವರೂ ಕುಳಿತು ತೀರ್ಮಾನಿಸಿ. ಕಳೆದ ವರ್ಷ ಅವಳ ಬಟ್ಟೆಗೆ ನಿಜವಾಗಿ ಎಷ್ಟು ಹೋಯಿತು ಎಂದು ಕೂಡಿಸಿ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಅದಕ್ಕಿಂತ ತೀರಾ ಕಡಿಮೆ ಮಾಡಿದರೆ ಇದು ಶಿಕ್ಷೆ ಎಂದು ಅವಳಿಗೆ ತಿಳಿದುಹೋಗುತ್ತದೆ. ಮೊದಲು ಮೂರು ತಿಂಗಳಿಗೊಮ್ಮೆ ಕೊಡಿ, ನಿಭಾಯಿಸಿದರೆ ಆರು ತಿಂಗಳಿಗೊಮ್ಮೆ. ನಮ್ಮ ತೋಟದ ದುಡ್ಡಿನ ಹಾಗೆ ಒಮ್ಮೆ ಬಂದದ್ದನ್ನು ಉದ್ದಕ್ಕೆ ಎಳೆಯುವುದನ್ನು ಕಲಿಯಬೇಕಾದವಳು ಅವಳು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹತ್ತು ವರ್ಷ ತುಂಬಿದವರು ಸ್ವತಃ ಉಳಿತಾಯ ಖಾತೆ ತೆರೆದು ವ್ಯವಹರಿಸಬಹುದು, ಯಾವ ಮಿತಿಯವರೆಗೆ ಎಂಬುದನ್ನು ಆಯಾ ಬ್ಯಾಂಕ್ ಗೊತ್ತುಮಾಡುತ್ತದೆ. ಹಣ ಆ ಖಾತೆಗೆ ಹೋಗಲಿ. ನಿಮ್ಮ ಪರ್ಸಿನಿಂದ ಹೋದರೆ ಪ್ರತಿ ಸಲವೂ ಅದೇ ಚೌಕಾಸಿ.

ಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡಿರುವುದು ನಿಮ್ಮ ಪಾಲಿನ ಕೆಲಸ. ನಿಮಗೆ ಅದೇ ಎಲ್ಲಕ್ಕಿಂತ ಕಷ್ಟವಾಗಲಿದೆ. ಜೂನ್ ಮೊದಲ ವಾರ ಅವಳು ಬಿಳಿ ಶೂ ಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ಕೊಳ್ಳಲಿ. ಗೇಟಿನಿಂದ ಬಸ್ ನಿಲ್ಲುವಲ್ಲಿಯವರೆಗಿನ ಕೆಂಪು ಕೆಸರು ನಿಮ್ಮ ಪರವಾಗಿ ಮಾತಾಡುತ್ತದೆ. ಮೂರು ದಿನದಲ್ಲಿ ಶೂವಿನ ಹೊಲಿಗೆಯ ಸಂದಿಯಲ್ಲೆಲ್ಲ ಕಂದು ಗೆರೆ, ವಾರದಲ್ಲಿ ಒಳಗೆ ಮುಗ್ಗುಲು ವಾಸನೆ. ದಪ್ಪ ಜೀನ್ಸ್ ಕೊಂಡರೆ ಇನ್ನೂ ಒಳ್ಳೆಯದು. ಸೋಮವಾರ ಒಗೆದ ಜೀನ್ಸ್ ಶನಿವಾರಕ್ಕೂ ಒಣಗದೆ, ಬಚ್ಚಲ ಒಲೆಯ ಮೇಲಿನ ತಂತಿಯಲ್ಲಿ ಹೊಗೆ ಕುಡಿಯುತ್ತಾ ನೇತಾಡುವುದನ್ನು ಕಂಡ ಮೇಲೆ ಕೊಡಗಿನ ಮಳೆಗಾಲಕ್ಕೆ ಯಾವ ಬಟ್ಟೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆಗ ನೀವು "ನಾನು ಅಂದೇ ಹೇಳಿದ್ದೆ" ಎಂದರೆ ಕೆಸರು ಕಲಿಸಿದ್ದೆಲ್ಲ ನೀರುಪಾಲು. ಹಾಗೆಯೇ, ಎರಡನೇ ವಾರಕ್ಕೇ ಖಾತೆ ಬರಿದಾಗಿ ಅವಳು ಮುಖ ಸಣ್ಣದು ಮಾಡಿಕೊಂಡು ಓಡಾಡಿದರೆ ಮುಂಗಡ ಕೊಡಬೇಡಿ. ಹಳೆಯ ಕುರ್ತಿಯಲ್ಲಿ ನಾಲ್ಕು ಶನಿವಾರ ಕಳೆದರೆ ಯಾರಿಗೂ ಏನೂ ಆಗುವುದಿಲ್ಲ.

ಮೊತ್ತಕ್ಕಿಂತ ಹೆಚ್ಚು ಬೇಕು ಎಂದರೆ ದುಡಿಯಲು ಅವಕಾಶ ಮಾಡಿಕೊಡಿ. ಪಾತ್ರೆ ತೊಳೆದದ್ದಕ್ಕೆ, ಕಸ ಗುಡಿಸಿದ್ದಕ್ಕೆ ದುಡ್ಡು ಕೊಡುವುದು ನನಗೆ ಒಪ್ಪಿಗೆಯಿಲ್ಲ, ಮನೆಯಲ್ಲಿ ಇರುವವರು ಮನೆಗೆಲಸ ಮಾಡುವುದು ಇದ್ದದ್ದೇ. ಆದರೆ ತೋಟದಲ್ಲಿ ನಮ್ಮ ಮಕ್ಕಳಿಗೆಂದೇ ಇರುವ ಒಂದು ಹಳೆಯ ದಾರಿ ಇದೆ: ಉದುರು ಕಾಫಿ. ಕುಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಬಿದ್ದ ಹಣ್ಣು ಹೆಕ್ಕಿ ಒಣಗಿಸಿ ಮಾರಿದ್ದು ಅವಳದು ಎನ್ನಿ. ಹೆಕ್ಕದೆ ಬಿಟ್ಟರೆ ಅದರಲ್ಲೇ ಕಾಯಿಕೊರಕ ಹುಳು ಉಳಿದು ಮುಂದಿನ ಫಸಲಿಗೆ ಬರುತ್ತದೆ, ಹಾಗಾಗಿ ಇದು ತೋಟಕ್ಕೂ ಬೇಕಾದ ಕೆಲಸ. ಪರೀಕ್ಷೆ ಮುಗಿಯಲಿ, ಹಗಲು ಹೊತ್ತಿನಲ್ಲೇ ಹೋಗಲಿ, ಆನೆ ಕಾಟವಿದ್ದರೆ ಒಬ್ಬಳನ್ನೇ ಕಳುಹಿಸಬೇಡಿ. ಒಂದು ಬೆಳಗ್ಗೆ ಪೂರ್ತಿ ಬಗ್ಗಿ ಹೆಕ್ಕಿದ್ದು ಬುಟ್ಟಿಯ ತಳ ಮುಚ್ಚುವುದಿಲ್ಲ ಎಂಬುದು, ಹೆಕ್ಕಿದ ಹಣ್ಣು ಒಣಗಿದ ಮೇಲೆ ತೂಕದಲ್ಲಿ ಅರ್ಧಕ್ಕೂ ಕಡಿಮೆಯಾಗುತ್ತದೆ ಎಂಬುದು ಅವಳ ಕೈಗೆ ತಿಳಿಯುತ್ತದೆ. ದಿನವಿಡೀ ಇದೇ ಕೆಲಸ ಮಾಡುವವರ ಬಗ್ಗೆ ನೀವು ಬೇರೆಯಾಗಿ ಏನೂ ಹೇಳಬೇಕಾಗಿ ಬರುವುದಿಲ್ಲ.

ಅತ್ತೆಯವರ ವಿಷಯ ಸೂಕ್ಷ್ಮ. ಅಜ್ಜಿ ಮೊಮ್ಮಗಳಿಗೆ ಸೆರಗಿನ ಗಂಟಿನಿಂದ ಬಿಚ್ಚಿ ಕೊಡುವುದನ್ನು ತಡೆಯಲು ಹೋದರೆ ನೀವು ಇಬ್ಬರನ್ನೂ ಕಳೆದುಕೊಳ್ಳುತ್ತೀರಿ. ಕೊಡಲಿ. ಗುಟ್ಟಾಗಿ ಕೊಡುವುದು ಬೇಡ ಎಂದಷ್ಟೇ ನಿಮ್ಮ ಯಜಮಾನರು ತಮ್ಮ ತಾಯಿಗೆ ಹೇಳಲಿ. ಈ ಮಾತು ಸೊಸೆಯ ಬಾಯಿಂದ ಬರುವುದು ಸರಿಯಲ್ಲ. ಅಜ್ಜಿ ಕೊಟ್ಟದ್ದೂ ಅದೇ ಖಾತೆಗೆ ಸೇರಲಿ.

ಇನ್ನು ನಿಮ್ಮ ಯಜಮಾನರು. ಎರಡು ದಿನ ಮಾತು ಬಿಟ್ಟದ್ದು ಅವಳ ವಯಸ್ಸಿಗೆ ಸಲ್ಲುವ ಕೋಪ, ಅವರ ವಯಸ್ಸಿಗಲ್ಲ. ಜೀ‍ಪು ಯಾಕೆ ಬೇಕಾಯಿತು ಎಂದು ಅವರೇ ಮಗಳಿಗೆ ಹೇಳಬೇಕು. ಗೊಬ್ಬರ ಸಾಗಿಸಲು, ಆಳುಗಳನ್ನು ಕರೆತರಲು, ಮಳೆಗಾಲದಲ್ಲಿ ಏರು ಹತ್ತಲು ಎಂದಾದರೆ ಹಾಗೆಯೇ. ಅದರಲ್ಲಿ ಸ್ವಲ್ಪ ಆಸೆಯೂ ಇತ್ತು, ಪಕ್ಕದ ತೋಟದವರು ಕೊಂಡದ್ದೂ ಒಂದು ಕಾರಣ ಎಂದಾದರೆ ಅದನ್ನೂ ನಗುತ್ತಾ ಒಪ್ಪಿಕೊಳ್ಳಲಿ. ಅಪ್ಪನಿಗೂ ನಾಲ್ಕು ಜನ ನೋಡಲಿ ಎಂಬ ಆಸೆ ಇದೆ, ಅವರೂ ಅದಕ್ಕೊಂದು ಮಿತಿ ಹಾಕಿಕೊಂಡಿದ್ದಾರೆ ಎಂದು ತಿಳಿದ ಮಗಳು ತನ್ನ ಮಿತಿಯನ್ನು ಒಪ್ಪುವುದು ಸುಲಭ. ಇಷ್ಟಾದ ಮೇಲೆ, ಅವಳ ಮಾತಿನ ಧಾಟಿ ತಮಗೆ ನೋವು ಕೊಟ್ಟಿತು, ಇನ್ನೊಮ್ಮೆ ಹಾಗೆ ಮಾತಾಡಬಾರದು ಎಂದು ಅವರೇ ನೇರವಾಗಿ ಹೇಳಲಿ. ಪ್ರಶ್ನೆ ಕೇಳುವುದಕ್ಕೆ ತಡೆಯಿಲ್ಲ, ಚುಚ್ಚುವುದಕ್ಕೆ ಇದೆ.

ಒಂದು ಎಚ್ಚರಿಕೆ. ಬಟ್ಟೆಯ ಹಟದ ಹಿಂದೆ ಕೆಲವೊಮ್ಮೆ ಬೇರೆ ಏನೋ ಇರುತ್ತದೆ. ಮೈಯ ಬಗ್ಗೆ ಯಾರೋ ಆಡಿಕೊಂಡಿರಬಹುದು, ಗುಂಪಿನಿಂದ ಹೊರಗಿಟ್ಟಿರಬಹುದು. ಕಾಲೇಜಿಗೆ ಹೋಗಲು ಮನಸ್ಸಿಲ್ಲದಿರುವುದು, ಊಟ ಬಿಡುವುದು, ಕನ್ನಡಿಯ ಮುಂದೆ ಅಳುವುದು, ಹಣ ಕಾಣೆಯಾಗುವುದು, ಯಾರು ಕೊಟ್ಟದ್ದೆಂದು ಹೇಳಲಾಗದ ಉಡುಗೊರೆಗಳು ಕೈಯಲ್ಲಿ ಕಾಣಿಸುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಲೆಕ್ಕದ ಪುಸ್ತಕ ಪಕ್ಕಕ್ಕಿಟ್ಟು ಅವಳೊಂದಿಗೆ ಕುಳಿತುಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಿ ಮಾತಾಡಬಹುದು, ನೀವೂ ಮಾಡಬಹುದು, ಅವಳೂ ಮಾಡಬಹುದು. ನಿಮ್ಮ ಪತ್ರದಲ್ಲಿ ಅಂಥ ಸುಳಿವು ನನಗೆ ಕಾಣಲಿಲ್ಲ.

ಲೆಹೆಂಗಾಕ್ಕೆ ಬರೋಣ. ಚಿಕ್ಕಪ್ಪನ ಮಗಳ ಮದುವೆ ದೊಡ್ಡ ಸಮಾರಂಭ, ಹೊಸ ಬಟ್ಟೆ ಬಯಸುವುದರಲ್ಲಿ ತಪ್ಪೇನಿಲ್ಲ. ಕೊಡಿಸಿ. ಆದರೆ ಐದು ಸಾವಿರ ನಿಮ್ಮ ಕೈಯಿಂದ ಬೇಡ. ಮದುವೆಯ ಬಟ್ಟೆಗೆಂದು ಮನೆಯ ಪಾಲು ಇಷ್ಟು, ಉದಾಹರಣೆಗೆ ಎರಡೂವರೆ ಸಾವಿರ, ಎಂದು ಈಗಲೇ ಹೇಳಿಬಿಡಿ. ಉಳಿದದ್ದನ್ನು ಅವಳ ಖಾತೆಯಿಂದಲೋ ಉದುರು ಕಾಫಿಯಿಂದಲೋ ಸೇರಿಸಲಿ, ಇಲ್ಲವೇ ಎರಡೂವರೆ ಸಾವಿರದೊಳಗೆ ದಾರಿ ಹುಡುಕಲಿ. ಎರಡೂವರೆ ಸಾವಿರ ಎಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಆ ಬೆಲೆಯೊಳಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇಕಡಾ 5, ದಾಟಿದರೆ ಶೇಕಡಾ 18. ಬಿಲ್ಲಿನಲ್ಲಿ ಆ ಸಾಲನ್ನು ಅವಳೇ ಓದಲಿ, ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡಿದ್ದರಂತೂ ಖಂಡಿತ ಓದಲಿ. ಮೂರನೆಯ ದಾರಿ ಅಜ್ಜಿಯ ಪೆಟ್ಟಿಗೆಯಲ್ಲಿದೆ. ಜರಿ ಗಟ್ಟಿಯಿರುವ, ಅಜ್ಜಿ ಇನ್ನು ಉಡದ ಒಂದು ರೇಷ್ಮೆ ಸೀರೆ ಇದ್ದರೆ, ಅವರು ಮನಸ್ಸಾರೆ ಒಪ್ಪಿದರೆ, ಅದರಲ್ಲೇ ಲೆಹೆಂಗಾ ಹೊಲಿಸಬಹುದು. ಗುಟ್ಟಾಗಿ ದುಡ್ಡು ಕೊಡುವ ಕೈಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು. ಆದರೆ ಈ ದಾರಿಯನ್ನು ನೀವು ಸೂಚಿಸಿದರೆ ಅವಳು ಬೇಡ ಎನ್ನುವ ಸಂಭವವೇ ಹೆಚ್ಚು. ಅಜ್ಜಿಯೇ ಪೆಟ್ಟಿಗೆ ತೆರೆದು ತೋರಿಸಲಿ.

ಯಾವುದನ್ನೇ ಆರಿಸಿಕೊಂಡರೂ ಬೇಗ ಆರಿಸಿಕೊಳ್ಳಲು ಹೇಳಿ. ಮದುವೆಯ ಕಾಲದಲ್ಲಿ ನಮ್ಮ ಟೈಲರ್‌ಗಳು ಯಾರ ಮಾತಿಗೂ ಸಿಗುವುದಿಲ್ಲ. ಏಪ್ರಿಲ್ ಕೊನೆಗೆ ಬೇಕೆಂದರೆ ಮಾರ್ಚ್‌ನಲ್ಲೇ ಅಳತೆ ಕೊಟ್ಟಿರಬೇಕು. ಆನ್‌ಲೈನಿನಲ್ಲಿ ತರಿಸುವುದಾದರೂ ಅಷ್ಟೆ, ಅಳತೆ ಸರಿಬಾರದೆ ಹಿಂದಕ್ಕೆ ಕಳುಹಿಸಬೇಕಾದರೆ ಪಾರ್ಸೆಲ್ ಹಿಡಿದುಕೊಂಡು ಜಂಕ್ಷನ್ನಿನ ಅಂಗಡಿಗೆ ಹೋಗಿ ಕಾಯುವವಳು ಅವಳೇ ಆಗಲಿ, ನೀವಲ್ಲ.